ಕಡ್ಡಿಹುಳದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರು ಅಂತ ಹಳೇ ಬೆಂಚಿನ ಗೆಳೆಯ ಫೋನ್ ಮಾಡಿದಾಗ ಕಣ್ಮುಂದೆ ಬಂದದ್ದು ಒಂದು ಗಾಜಿನ ಜಾಡಿ.

ಜಾಡಿ ತುಂಬ ಒಣಕಡ್ಡಿ. "ಇದರಲ್ಲಿ ಎಷ್ಟು ಪ್ರಾಣಿ ಇದಾವೆ, ಹೇಳ್ರೋ" ಅಂದರು. ಒಂದೂ ಇಲ್ಲ ಅಂದೆವು. ಬಗ್ಗಿ ಮೆಲ್ಲಗೆ ಊದಿದರು. ಒಂದು ಕಡ್ಡಿ ಹಿಂದಕ್ಕೆ ಮುಂದಕ್ಕೆ ತೂಗಾಡಿತು! ಗಾಳಿಗೆ ರೆಂಬೆಯೆಲ್ಲ ಅಲುಗುವಾಗ ತಾನೊಂದೇ ಸುಮ್ನಿದ್ದರೆ ಹಕ್ಕಿ ಕಣ್ಣಿಗೆ ಬೀಳುತ್ತೆ, ಅದಕ್ಕೇ ಕಡ್ಡಿಹುಳ ತಾನೂ ತೂಗುತ್ತೆ ಅಂದರು.

ಆ ವರ್ಷದ ಬೇರೆ ಪಾಠ ಏನೂ ನೆನಪಿಲ್ಲ. ಹುಲಿಯದ್ದು ಮಾತ್ರ ಇದೆ, ಯಾಕಂದ್ರೆ ಪ್ರಶ್ನೆ ಕೇಳಿದ್ದು ನಾನೇ. ಹಸಿರು ಕಾಡಲ್ಲಿ ಕಿತ್ತಳೆ ಬಣ್ಣದ ಹುಲಿ ಹೇಗೆ ಸಾರ್ ಅವಿತುಕೊಳ್ಳುತ್ತೆ? ಇಡೀ ಕ್ಲಾಸಲ್ಲಿ ಇನ್ನೊಬ್ಬರಿಗೆ ಇದು ಹೊಳೆದಿರಲಿಲ್ಲ, ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ. "ಜಿಂಕೆ ಕಣ್ಣಲ್ಲಿ ನೋಡೋ" ಅಂದರು. ಬಣ್ಣ ಹಿಡಿಯುವ ಕೋಶ ನಮ್ಮ ಕಣ್ಣಲ್ಲಿ 3 ಬಗೆ, ಜಿಂಕೆಗೆ 2 ಮಾತ್ರ. ಅದಕ್ಕೆ ಕಿತ್ತಳೆಗೂ ಹಸಿರಿಗೂ ಜಾಸ್ತಿ ವ್ಯತ್ಯಾಸ ಕಾಣದು. ಇನ್ನು ಆ ಪಟ್ಟೆಗಳು, ಎತ್ತರದ ಹುಲ್ಲಿನ ನೆರಳಲ್ಲಿ ಹುಲಿಯ ಆಕಾರವನ್ನೇ ಚೂರು ಮಾಡಿಬಿಡುತ್ತವೆ.

ಈಗ ನನ್ನ ಮಗಳಿಗೂ ಇದೆಲ್ಲ ಪಾಠವಿದೆ, 2 ಅಂಕಕ್ಕೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬಿಳಿ ಪತಂಗದ ಕಪ್ಪು ಬಗೆ ಸಿಕ್ಕಿದ್ದು 1848ರಲ್ಲಿ ಅಂತ ಪಟಪಟ ಒಪ್ಪಿಸ್ತಾಳೆ. ಕಾರ್ಖಾನೆ ಮಸಿ ಹಿಡಿದ ಮರದ ಮೇಲೆ ಬಿಳಿ ಪತಂಗದ ಗತಿ ಏನಾಗಿರಬಹುದು ಅಂತ ಕೇಳಿದರೆ "ಅದು ಪರೀಕ್ಷೆಗಿಲ್ಲ ಅಪ್ಪಾ" ಅಂತಾಳೆ. ಅವಳದ್ದೇನು ತಪ್ಪು, ಅಲ್ವಾ?

ಈಗ ನನ್ನ ತಪ್ಪು ಹೇಳ್ತೀನಿ. ಒಂದು ದಿನ ಬೆಲ್ ಆಗುವ ಮುಂಚೆ ಹುಳವನ್ನು ಎತ್ತಿ ನನ್ನ ಕಂಪಾಸ್ ಬಾಕ್ಸಿಗೆ ಹಾಕಿಬಿಟ್ಟೆ. ಮೇಷ್ಟ್ರು ಬಂದು ಜಾಡಿಗೆ ಊದಿದರು. ಏನೂ ಅಲುಗಲಿಲ್ಲ. ಮತ್ತೆ ಊದಿದರು. ತಲೆ ಎತ್ತಿ ಕ್ಲಾಸನ್ನೆಲ್ಲ ಒಂದು ಸಲ ನೋಡಿ ಸೀದಾ ನನ್ನ ಹತ್ತಿರ ಬಂದರು. "ಎಲ್ಲರೂ ಕತ್ತು ಚಾಚಿ ಜಾಡಿ ನೋಡ್ತಿದಾರೆ, ನೀನೊಬ್ಬ ಅಲುಗದೆ ಕೂತಿದೀಯಲ್ಲೋ. ತೆಗಿ ಬಾಕ್ಸು."

ತೆಗೆದರೆ ಹುಳ ಇಲ್ಲ! ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಅಂತ ಕಾಣುತ್ತೆ. ಬೆಂಚು, ಬ್ಯಾಗು, ಕಿಟಕಿ ಸಂದಿ ಎಲ್ಲ ಜಾಲಾಡಿದೆವು. ಮೇಷ್ಟ್ರು ಬೈಯಲಿಲ್ಲ, ನನಗೆ ಅದೇ ಹಿಂಸೆ.

ಮೂರು ದಿನ ಬಿಟ್ಟು ಕಸ ಗುಡಿಸುವ ಸರದಿ ನನ್ನದು ಬಂತು. ಬಾಗಿಲ ಹಿಂದಿನ ಪೊರಕೆ ಎತ್ತಿಕೊಂಡೆ. ಅದರಲ್ಲೊಂದು ಕಡ್ಡಿಗೆ ಕಾಲಿತ್ತು.