ದಪ್ಪ ಅಕ್ಷರದ ಹೊಟ್ಟೆಯೊಳಗೆ

ಗೆಳತಿಯೊಬ್ಬಳು ಮಕ್ಕಳ ರಂಗಶಿಬಿರಕ್ಕೆ ಪೋಸ್ಟರ್ ಮಾಡಿಕೊಂಡು ಬಂದಿದ್ದಳು. ತಲೆಬರಹದಿಂದ ಹಿಡಿದು ಕೊನೆಯ ಫೋನ್ ನಂಬರ್‌ವರೆಗೆ ಎಲ್ಲವೂ 'ಬಲೂ ತಮ್ಮ' ಅನ್ನೋ ಗುಂಡು ಗುಂಡಾದ ಕನ್ನಡ ಫಾಂಟಿನಲ್ಲೇ, ಅದರ ಅತಿ ದಪ್ಪ ರೂಪದಲ್ಲೇ. "ದಪ್ಪಗಿದ್ರೆ ದೂರದಿಂದಲೂ ಕಾಣ್ಸುತ್ತೆ ಅಲ್ವಾ?" ಅಂದಳು. ತಲೆಬರಹ ನಿಜಕ್ಕೂ ಮುದ್ದಾಗಿತ್ತು. ಕೆಳಗಿನ ಸಣ್ಣ ಸಾಲುಗಳು ಮಾತ್ರ ಪ್ರಿಂಟ್ ತೆಗೆದಾಗ ಮಸಿ ಚೆಲ್ಲಿದ ಹಾಗೆ ಕಾಣುತ್ತಿದ್ದವು.

'ವಿದ್ಯಾರ್ಥಿಗಳಿಗೆ ಮಾತ್ರ' ಎಂಬ ಸಾಲು ನೋಡಿ. 'ಥ'ದ ಹೊಟ್ಟೆಯೊಳಗೆ ಒಂದು ಚುಕ್ಕೆ ಇರಬೇಕು, ಅದಿಲ್ಲದಿದ್ದರೆ ಅದು 'ಧ'. ಅಕ್ಷರ ದಪ್ಪವಾದಷ್ಟೂ ಹೊಟ್ಟೆ ಕಿರಿದಾಗುತ್ತೆ, ಸಣ್ಣ ಸೈಜಿನಲ್ಲಿ ಚುಕ್ಕೆ ಸುತ್ತಲಿನ ಬಿಳಿ ಮುಚ್ಚಿಹೋಗಿ ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಪೂರ್ತಿ ಇಬ್ಬರೂ ಅಕ್ಷರಗಳನ್ನು ಸ್ಕ್ರೀನ್ ತುಂಬಾ ಹಿಗ್ಗಿಸಿ ನೋಡುತ್ತಾ ಕೂತೆವು. ಮಾಮೂಲಿ ಫಾಂಟಿಗೆ ಸುಮ್ನೆ ದಪ್ಪ ಗೆರೆ ಎಳೆದು, ಮೂಲೆ ಉರುಟು ಮಾಡಿದರೆ ಇಂಥದ್ದು ಸಿಗುತ್ತೆ ಅಂತ ಅವಳು ಅಂದುಕೊಂಡಿದ್ದಳು. ಹಾಗೆ ಮಾಡಿಯೂ ನೋಡಿದೆವು. ಎರಡು ಗೆರೆ ಕೂಡುವ ಕಡೆಯೆಲ್ಲ ಕಪ್ಪು ಗಂಟು! ಚೆನ್ನಾಗಿ ಬರೆದ ಫಾಂಟಿನಲ್ಲಿ ಆ ಕೂಡುವ ಜಾಗವನ್ನು ಕಣ್ಣಿಗೆ ಗೊತ್ತಾಗದಷ್ಟು ತೆಳು ಮಾಡಿರುತ್ತಾರೆ. ಹಾಗೇ ಕಣ್ಣಿಗೆ ಸರಿ ಕಾಣಲೆಂದೇ ಇಂಗ್ಲಿಷಿನ 'ಓ' ಅಕ್ಷರವನ್ನು ಪಕ್ಕದ ಚಪ್ಪಟೆ ಅಕ್ಷರಗಳಿಗಿಂತ ಚೂರು ಎತ್ತರ ಬರೆಯುತ್ತಾರೆ, ಇಲ್ಲದಿದ್ದರೆ ಗುಂಡಗಿರುವುದು ಗಿಡ್ಡವಾಗಿ ಕಾಣುತ್ತೆ. ಕನ್ನಡದಲ್ಲಿ ಒತ್ತಕ್ಷರದ ಕಾಟ ಬೇರೆ. 'ಮಕ್ಕಳ'ದ ಕೆಳಗಿನ ಪುಟ್ಟ ಒತ್ತಿಗೂ ಮೇಲಿನಷ್ಟೇ ದಪ್ಪ ಗೆರೆ ಕೊಟ್ಟರೆ ಒಳಗೆ ಉಳಿಯುವುದೇನು? ಮೇಲಾಗಿ ಸಾಲುಗಳ ನಡುವೆಯೂ ಜಾಗ ಜಾಸ್ತಿ ಬೇಕು.

ಈ ಗುಂಡು ಅಕ್ಷರಗಳ ಹುಚ್ಚು ಹೊಸದೇನಲ್ಲ. ಆಸ್ವಾಲ್ಡ್ ಕೂಪರ್ ಬರೆದ 'ಕೂಪರ್ ಬ್ಲ್ಯಾಕ್' ಎಂಬ ದಪ್ಪ ಇಂಗ್ಲಿಷ್ ಫಾಂಟ್ 1922ರಲ್ಲಿ ಶಿಕಾಗೋದ ಅಚ್ಚುಮೊಳೆ ಕಂಪನಿಯೊಂದರಿಂದ ಹೊರಬಂತು, ಜಾಹೀರಾತಿನವರು ಅದನ್ನು ಎತ್ತಿಕೊಂಡರು. ಬ್ರಿಟನ್ನಿನ ಈಸಿಜೆಟ್ ಕಂಪನಿಯ ವಿಮಾನಗಳ ಮೇಲಿನ ಹೆಸರು ಇವತ್ತಿಗೂ ಅದರಲ್ಲೇ ಇದೆ. ಅದರ 'ಓ'ದೊಳಗಿನ ಬಿಳಿ ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ. ನನಗಂತೂ ಅದರ ನಗುಮುಖವೆಲ್ಲ ಆ ವಾಲಿಕೆಯಲ್ಲೇ ಇದೆ ಅನ್ನಿಸುತ್ತೆ. ಆದರೆ ವಿಮಾನದ ಮೇಲಿರುವುದು ಒಂದೇ ಪದ. ಅದೇ ಅಕ್ಷರದಲ್ಲಿ ಒಂದು ಪುಟ ಓದು ಅಂದರೆ ನಾನಂತೂ ಓದಲ್ಲ.

ಕೊನೆಗೆ ತಲೆಬರಹ ಮಾತ್ರ ದಪ್ಪಗೆ ಉಳಿಯಿತು, ಮಿಕ್ಕಿದ್ದಕ್ಕೆ ಸಾದಾ ಫಾಂಟ್ ಹಾಕಿದೆವು. ದಿನಾಂಕವನ್ನಾದರೂ ದಪ್ಪಗೇ ಬಿಡು ಅಂತ ಅವಳು ಹಠ ಹಿಡಿದಳು. ಇರಲಿ ಅಂದೆ, ಎರಡೇ ಅಂಕಿ, ಅದೂ ದೊಡ್ಡದಾಗಿ ಬರುವಂಥದ್ದು. ಅಂಕಿಗಳ ನಡುವಿನ ಜಾಗವನ್ನು ಸ್ವಲ್ಪ ಬಿಗಿ ಮಾಡಿ ಪ್ರಿಂಟಿಗೆ ಕಳಿಸಿದೆವು.