ಜರ್ಮನ್ ಕಿಟ್‌ಗೆ ಮಂಗಳೂರು ಮಾಡು: ಹಂಚಿನ ಕಾರ್ಖಾನೆ ಇಲ್ಲಿವರೆಗೆ

ಗೋಡೆ ಎದ್ದಿದೆ, ಮಾಡು ಅಂದರೆ ಛಾವಣಿ ಕೂತಿದೆ, ಚಿಮಣಿ ಇನ್ನೂ ಡಬ್ಬದಲ್ಲೇ ಇದೆ. ನೇತ್ರಾವತಿ ದಂಡೆಯಲ್ಲಿ ಒಂದು ಹಂಚಿನ ಕಾರ್ಖಾನೆ, ಅದರ ಬೆನ್ನಿಗೆ ಒಂದು ಗೂಡ್ಸ್ ಸೈಡಿಂಗ್, ಅಂದರೆ ಸರಕಿನ ವ್ಯಾಗನ್ ನಿಲ್ಲುವ ಪಕ್ಕದ ಹಳಿ. ನನ್ನ ಪುಟ್ಟ ಮಾದರಿ ರೈಲು ಲೇಔಟಿನ ಈ ಮೂಲೆ ಪೂರ್ತಿ ಊಹೆಯದ್ದು. ಆದರೆ ನೋಡಿದ ಕೂಡಲೇ ಇದು ನಮ್ಮ ಮಂಗಳೂರು ಅಂತ ಅನಿಸಬೇಕು, ಅಷ್ಟೇ ನನ್ನ ಆಸೆ. ಸ್ಕೇಲ್ ಎಚ್‌ಒ, ಅಂದರೆ 1:87, ನಿಜವಾದ ಅಳತೆಯ 87ರಲ್ಲಿ ಒಂದು ಪಾಲು. ನಮ್ಮ ಕರಾವಳಿಯ ಕಟ್ಟಡದ ಕಿಟ್ ನನಗೆಲ್ಲೂ ಸಿಕ್ಕಿಲ್ಲ. ಹಾಗಾಗಿ ಒಂದೇ ತರದ ಎರಡು ಜರ್ಮನ್ ಗೂಡ್ಸ್ ಶೆಡ್ ಕಿಟ್ ತರಿಸಿ, ಕತ್ತರಿಸಿ, ಉದ್ದಕ್ಕೆ ಜೋಡಿಸುತ್ತಿದ್ದೇನೆ.

ಇಂಥ ಕೆಲಸದಲ್ಲಿ ಹೆಚ್ಚಿನವರು ಮೊದಲು ಗೋಡೆಗೆ ಕೈ ಹಾಕುತ್ತಾರೆ. ಬಣ್ಣ ಬದಲಿಸಿ, ಒಂದು ಕನ್ನಡ ಬೋರ್ಡು ಅಂಟಿಸಿದರೆ ಆಯ್ತು ಅಂತ ಲೆಕ್ಕ. ನನಗೆ ಅದು ಸಾಲುವುದಿಲ್ಲ. ಕಟ್ಟಡ ಯಾವ ಊರಿನದ್ದು ಅಂತ ಹೇಳುವುದು ಮಾಡು. ಜರ್ಮನಿಯಲ್ಲಿ ಹಿಮ ಜಾರಿ ಬೀಳಲಿ ಅಂತ ಮಾಡನ್ನು ಕಡಿದಾಗಿ ಎತ್ತುತ್ತಾರೆ, ಸೂರು ಮಾತ್ರ ಗಿಡ್ಡ. ನಮ್ಮ ಮಾಡು ತಗ್ಗಾಗಿರುತ್ತದೆ, ಸೂರು ಗೋಡೆಯಿಂದ ಸಾಕಷ್ಟು ಆಚೆ ಚಾಚಿರುತ್ತದೆ. ಜೂನ್ ತಿಂಗಳಲ್ಲಿ ಗಾಳಿ ಜೊತೆ ಅಡ್ಡಕ್ಕೆ ಹೊಡೆಯುವ ಮಳೆಯಲ್ಲಿ ಗೋಡೆ ಉಳಿಯಬೇಕಲ್ವಾ?

ಹಾಗಾಗಿ ಕತ್ತಿ ಹಿಡಿದದ್ದೇ ಮಾಡಿನ ಕೆಲಸಕ್ಕೆ. ಇಲ್ಲಿ ಒಂದು ಲೆಕ್ಕ ನನಗೆ ಬಹಳ ಖುಷಿ ಕೊಟ್ಟಿತು. ಶೆಡ್ಡಿನ ಅಗಲ 120 ಮಿ.ಮೀ., ಮಾಡಿನ ಇಳಿಜಾರು 45 ಡಿಗ್ರಿ. ಅಂದರೆ ಗೋಡೆಯ ತಲೆಯಿಂದ ಮಾಡಿನ ನೆತ್ತಿಗೆ 60 ಮಿ.ಮೀ. ಎತ್ತರ, ಅಷ್ಟನ್ನು ಮುಚ್ಚುವ ಮಾಡಿನ ತುಂಡು ಸುಮಾರು 85 ಮಿ.ಮೀ. ಇಳಿಜಾರನ್ನು 30 ಡಿಗ್ರಿಗೆ ತಂದರೆ ನೆತ್ತಿ 35ಕ್ಕೆ ಇಳಿಯುತ್ತದೆ. ಗೋಡೆಯಿಂದ ನೆತ್ತಿಗೆ ಈಗ 69 ಮಿ.ಮೀ. ಸಾಕು. ಉಳಿದ 16 ಮಿ.ಮೀ. ತನ್ನಷ್ಟಕ್ಕೇ ಗೋಡೆಯಾಚೆ ಇಳಿಯುತ್ತದೆ. ನಿಜವಾದ ಅಳತೆಯಲ್ಲಿ ಅದು ಗೋಡೆಯಿಂದ 1.2 ಮೀಟರ್‌ಗೆ ಹತ್ತಿರ. ಅದೇ ನಮ್ಮ ಸೂರು! ಹೊಸ ಪ್ಲಾಸ್ಟಿಕ್ ಒಂದು ಚೂರೂ ಬೇಡ. ಅದೇ ಮಾಡನ್ನು ತಗ್ಗಿಸಿ ಮಲಗಿಸಿದರೆ ಮುಗೀತು.

ಕತ್ತರಿಸಬೇಕಾದದ್ದು ಎರಡು ತುದಿಯ ತ್ರಿಕೋನ ಗೋಡೆಗಳನ್ನು ಮಾತ್ರ. ಸ್ಟೀಲ್ ಸ್ಕೇಲ್ ಇಟ್ಟು ಕತ್ತಿಯಿಂದ ಹಗುರಾಗಿ ಹಲವು ಸಲ ಗೀರಿ, ಆಮೇಲೆ ಮುರಿದೆ. ಒಂದೇ ಸಲಕ್ಕೆ ಒತ್ತಿದರೆ ಕತ್ತಿ ಇಟ್ಟಿಗೆಯ ಗೆರೆ ಹಿಡಿದು ಬೇರೆ ಕಡೆ ಓಡುತ್ತದೆ. ನೆತ್ತಿಯಲ್ಲಿ ಎರಡು ತುಂಡು ಸೇರುವ ಅಂಚನ್ನೂ ಅರದಿಂದ ಉಜ್ಜಬೇಕು. ಮೊದಲು 90 ಡಿಗ್ರಿಯಲ್ಲಿ ಕೂಡುತ್ತಿದ್ದವು, ಈಗ 120.

ಹಂಚಿನ ಅಚ್ಚನ್ನೂ ಉಳಿಸಿಕೊಂಡೆ. ಇದರ ಹಿಂದೆ ಒಂದು ಒಳ್ಳೆಯ ಕತೆಯಿದೆ. ಒಂದಕ್ಕೊಂದು ಕಚ್ಚಿ ಕೂರುವ ಹಂಚು ಬಂದದ್ದು 1841ರಲ್ಲಿ, ಅಲ್ಸಾಸ್‌ನ ಜಿಲಾರ್ಡೋನಿ ಸಹೋದರರಿಂದ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯ ಹಂಚೂ ಅದೇ ಜಾತಿಯದ್ದು. ಹಾಗಾಗಿ ಯುರೋಪಿನ ಕಿಟ್ಟಿನಲ್ಲಿ ಈ ಕಚ್ಚುವ ಹಂಚಿನ ಅಚ್ಚು ಇದ್ದರೆ ಅದು ನಮ್ಮ ಹಂಚಿಗೆ ದಾಯಾದಿಯೇ. ಮೀನಿನ ಪೊರೆಯ ಹಾಗೆ ತುದಿ ಗುಂಡಗಿರುವ ಹಂಚಿನ ಕಿಟ್ ಮಾತ್ರ ಬೇಡ, ಅದು ಎಷ್ಟು ಬಣ್ಣ ಬಳಿದರೂ ಅಲ್ಲಿಯದ್ದೇ. ಹಿತ್ತಲಲ್ಲಿ ಪೇರಿಸಿಟ್ಟ ಹಳೆ ಹಂಚು ಅಳೆದು ನೋಡಿದೆ. ಮಾಡಿನ ಮೇಲೆ ಕಾಣುವ ಭಾಗ ಸುಮಾರು 20 ಸೆಂ.ಮೀ. ಅಗಲ, 32 ಸೆಂ.ಮೀ. ಉದ್ದ. 1:87ರಲ್ಲಿ 2.3 ಮತ್ತು 3.7 ಮಿ.ಮೀ. ಕಿಟ್ಟಿನ ಹಂಚು ಇದಕ್ಕೆ ಬಹಳ ಹತ್ತಿರ ಇತ್ತು.

ಇಷ್ಟಾದಾಗ ನಮ್ಮ ಪಕ್ಕದ ಮನೆಯ ಅಜ್ಜರನ್ನು ಕರೆದು ತೋರಿಸಿದೆ. ಅವರು ವರ್ಷಾನುಗಟ್ಟಲೆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕನ್ನಡಕ ಏರಿಸಿ ಮಾಡನ್ನೇ ನೋಡಿದರು.

"ಸೂರು ಸರಿ ಉಂಟು ಮಾರಾಯ್ರೆ. ಆದ್ರೆ ಒಳಗೆ ಬೆಳಕು ಎಲ್ಲಿಂದ ಬರ್ತದೆ? ಗಾಜಿನ ಹಂಚು ಎಲ್ಲಿ?"

"ಹಾಕ್ತೇನೆ ಅಜ್ಜ. ಎಲ್ಲಿ ಹಾಕ್ಬೇಕು ಹೇಳಿ."

"ಕೆಲಸ ಮಾಡುವವರ ತಲೆ ಮೇಲೆ. ಮತ್ತೆ ಅಟ್ಟಕ್ಕೆ ಗೋಡೆ ಕಟ್ಬೇಡಿ. ಹಸಿ ಹಂಚಿಗೆ ಗಾಳಿ ಬೇಕು."

ಈ ಎರಡು ಮಾತಿನಿಂದ ಕಟ್ಟಡವೇ ಬದಲಾಯಿತು. ಗಾಜಿನ ಹಂಚಿಗೆ ಅಲ್ಲಲ್ಲಿ ಒಂದೊಂದು ಹಂಚಿನಷ್ಟೇ ಜಾಗವನ್ನು ಸೂಜಿಯಷ್ಟು ತೆಳುವಾದ ಡ್ರಿಲ್‌ನಿಂದ ಕೊರೆದು, ಚೌಕ ಅರದಿಂದ ಅಂಚು ತಿದ್ದಿದೆ. ಒಳಗಿನಿಂದ ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿ, ತೂತಿನೊಳಗೆ ಪಾರದರ್ಶಕವಾಗಿ ಒಣಗುವ ಬಿಳಿ ಅಂಟು ಒಂದು ಹನಿ ತುಂಬಿದೆ. ಅದು ಒಣಗುವಾಗ ನಡುವೆ ಸ್ವಲ್ಪ ತಗ್ಗುತ್ತದೆ, ನಿಜವಾದ ಗಾಜಿನ ಹಂಚಿನ ತೋಡಿನ ಹಾಗೇ ಕಾಣುತ್ತದೆ. ಒಳಗೆ ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಹಾಕಿದ್ದೇನೆ. ಕೋಣೆಯ ಲೈಟ್ ಕಡಿಮೆ ಮಾಡಿದರೆ ಮಾಡಿನ ಮೇಲೆ ಬೆಳಕಿನ ಚುಕ್ಕಿಗಳು ಎದ್ದು ಬರುತ್ತವೆ.

ಅಟ್ಟದ ಕೆಲಸ ಜಾಸ್ತಿ ಹಿಡಿಯಿತು. ಹಸಿ ಹಂಚನ್ನು ಸಾಲಾಗಿ ಇಟ್ಟು ಒಣಗಿಸುವುದು ಅಲ್ಲೇ. ಕಿಟಕಿ ಸಾಲಿನ ಮೇಲಿನ ಇಟ್ಟಿಗೆ ಗೋಡೆಯನ್ನು ಪೂರ್ತಿ ಕೊಯ್ದು ತೆಗೆದೆ. ಆ ಜಾಗದಲ್ಲಿ ಕಂಬ ನಿಲ್ಲಿಸಿ, 1 ಮಿ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿಗಳನ್ನು ಅಡ್ಡಕ್ಕೆ ಸಂದು ಬಿಟ್ಟು ಅಂಟಿಸಿದೆ. ಸಂದು ಒಂದೇ ಸಮ ಇರಲಿ ಅಂತ ನಡುವೆ ಅದೇ ಪಟ್ಟಿಯ ತುಂಡೊಂದನ್ನು ಇಟ್ಟು ತೆಗೆಯುತ್ತಾ ಹೋದೆ. ಸಂದಿನಲ್ಲಿ ಒಳಗಿನ ಹಂಚಿನ ಸಾಲು ಕಾಣಬೇಕು. ಅದಕ್ಕೆ ಕಾರ್ಡ್‌ಬೋರ್ಡಿನ ಚೂರುಗಳೇ ಸಾಕು. ಬೇಯದ ಹಂಚು ತಾನೇ, ಬಣ್ಣ ಬೂದು ಮಣ್ಣಿನದ್ದು. ಕೆಂಪು ಬೇಡ.

ಇನ್ನು ಗೋಡೆ. ಕಿಟ್ಟಿನ ಹೊರಮೈ ಸಣ್ಣ ಇಟ್ಟಿಗೆ, ನನಗೆ ಬೇಕಾದದ್ದು ಮುರಕಲ್ಲು, ಅಂದರೆ ನಮ್ಮ ಕರಾವಳಿಯ ತೂತು ತೂತಾದ ಕೆಂಪು ಕಲ್ಲು. ಗೋಡೆಯನ್ನು ತಿರುಗಿಸಿ, ನುಣುಪಾದ ಒಳಮೈಯನ್ನೇ ಹೊರಗೆ ತಂದೆ. ಅಚ್ಚಿನ ಗುಂಡು ಗುರುತುಗಳನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, 4.4 ಮಿ.ಮೀ. ಉದ್ದ, 2 ಮಿ.ಮೀ. ಎತ್ತರದ ಕಲ್ಲಿನ ಸಾಲು ಗೀರಿದೆ. ಮುರಕಲ್ಲಿನ ತೂತು ಬರಬೇಕಾದರೆ ಪ್ಲಾಸ್ಟಿಕ್ ಸಿಮೆಂಟ್ ಅನ್ನುವ, ಪ್ಲಾಸ್ಟಿಕ್ ಕರಗಿಸುವ ತೆಳು ಅಂಟು ಸವರಿ, ಮೈ ಮೆತ್ತಗಾದಾಗ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಕುಟ್ಟಬೇಕು. ಮೊದಲು ಕಿತ್ತಳೆ ಕಂದು, ಮೇಲೆ ನೀರಾಗಿಸಿದ ಕಪ್ಪು ಕಂದು. ಎರಡನೆಯದ್ದು ತೂತುಗಳಲ್ಲಿ ಮಾತ್ರ ನಿಲ್ಲುತ್ತದೆ. ಎರಡು ಕಿಟ್ ಸೇರುವ ಗೆರೆಯ ಮೇಲೆ ಮಳೆನೀರಿನ ಪೈಪ್ ಒಂದನ್ನು ಇಳಿಸಿದ್ದೇನೆ.

ಗೋಡೆಯ ಬುಡ ನೋಡಿ. ಸೂರಿನ ನೀರು ನೆಲಕ್ಕೆ ಬಿದ್ದು ಕೆಂಪು ಮಣ್ಣು ಗೋಡೆಗೆ ಸಿಡಿಯುತ್ತದೆ. ಆ ಕಲೆ ಮೊಣಕಾಲಿನ ಎತ್ತರಕ್ಕೆ, ಅಂದರೆ ಇಲ್ಲಿ 5-6 ಮಿ.ಮೀ.ಗೆ ನಿಲ್ಲಬೇಕು. ಅದರ ಮೇಲೆ ಪಾಚಿಯ ಕಪ್ಪು ಹಸಿರು. ಮಾಡಿನಲ್ಲೂ ಪಾಚಿ ಎಲ್ಲ ಕಡೆ ಒಂದೇ ತರ ಬರುವುದಿಲ್ಲ. ಮರದ ನೆರಳಿರುವ ಬದಿಯಲ್ಲಿ ಜಾಸ್ತಿ, ಬಿಸಿಲಿನ ಬದಿಯಲ್ಲಿ ಕಡಿಮೆ. ನಾನು ತೆಂಗು ಎಲ್ಲಿ ನೆಡುತ್ತೇನೆ ಅಂತ ಮೊದಲೇ ಗುರುತು ಹಾಕಿ, ಆ ಬದಿಗೆ ಮಾತ್ರ ಪಾಚಿ ಬಣ್ಣದ ಚಾಕ್ ಪುಡಿ ತಿಕ್ಕಿದೆ.

ಹವೆಯ ಬಗ್ಗೆ ಒಂದು ಮಾತು. ಮಳೆಗಾಲದ ನಮ್ಮ ತೇವದಲ್ಲಿ ಸ್ಪ್ರೇ ವಾರ್ನಿಶ್ ಹೊಡೆದರೆ ಮೈಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಈಗ ಎಲ್ಲ ಬ್ರಶ್ ಕೆಲಸವೇ. ಬಣ್ಣ ಹಾಕಿದ ತುಂಡುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ. ಮ್ಯಾಟ್ ವಾರ್ನಿಶ್ ನವೆಂಬರ್‌ಗೆ.

ಉಳಿದದ್ದು ಚಿಮಣಿ ಮತ್ತು ಲೋಡಿಂಗ್ ಕಟ್ಟೆ. ಚಿಮಣಿಯ ಬುಡವನ್ನು ಆವೆಯ ಹತ್ತಿರ ಇಡಬೇಕು, ಆದರೆ ಅಲ್ಲೇ ಸೈಡಿಂಗಿನ ತಿರುವು ಬರುತ್ತದೆ. ವ್ಯಾಗನ್ ತಾಗದ ಹಾಗೆ ಹಳಿಯನ್ನು 20 ಮಿ.ಮೀ. ಆಚೆ ಸರಿಸುವುದು ಅಂತ ತೀರ್ಮಾನಿಸಿದ್ದೇನೆ. ಕಟ್ಟಡ ಅಲ್ಲಾಡುವುದಿಲ್ಲ. ಸೂರಿನ ನೀರು ಬೀಳುವ ಗೆರೆ ಲೋಡಿಂಗ್ ಕಟ್ಟೆಯ ಅಂಚಿನಾಚೆಗೇ ಇರಬೇಕು, ಇಲ್ಲದಿದ್ದರೆ ಹಂಚು ಹೊರುವವರು ನೆನೆಯುತ್ತಾರೆ.