“ಅಲ್ಲೇ ಯಾಕೆ ಕೆತ್ತಿಸಲಿಲ್ಲ, ಮಿಸ್?”

ಮಂಗಳವಾರದಿಂದ ಆ ಹುಡುಗಿಯ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಪೇಪರ್ ತಿದ್ದುವಾಗ ಅದೇ ದನಿ. “ಹಾಗಾದ್ರೆ ಅಲ್ಲೇ ಯಾಕೆ ಕೆತ್ತಿಸಲಿಲ್ಲ, ಮಿಸ್?”

ಎಂಟನೇ ಕ್ಲಾಸು, ಮೌರ್ಯರ ಪಾಠ. 16 ವರ್ಷದಿಂದ ಈ ಪಾಠ ಮಾಡುತ್ತಾ ಬಂದಿದ್ದೇನೆ. ನನ್ನ ಪಾಠದಲ್ಲಿ ಕಳಿಂಗ ಯುದ್ಧ ಅಂದರೆ ನಾಲ್ಕು ಮಾತು. ಯುದ್ಧ ನಡೆಯಿತು, ರಕ್ತ ಹರಿಯಿತು, ಅಶೋಕನ ಮನಸ್ಸು ಬದಲಾಯಿತು, ಧರ್ಮದ ದಾರಿ ಹಿಡಿದ. ಹತ್ತು ನಿಮಿಷದಲ್ಲಿ ಮುಗಿಸಿ ಆಡಳಿತ ವ್ಯವಸ್ಥೆಗೆ ಹೋಗಿಬಿಡುತ್ತಿದ್ದೆ.

ಈ ಸಲ ಹಾಗಾಗದೇ ಇದ್ದದ್ದಕ್ಕೆ ಕಾರಣ ಈ ವರ್ಷ ನಮ್ಮಲ್ಲಿಗೆ ಬಂದ ಹೊಸ ಮೇಷ್ಟ್ರು. ಚಿಕ್ಕ ವಯಸ್ಸು, ಮಾತು ಕಡಿಮೆ. ಬಿಡುವಿನ ಪೀರಿಯಡ್ಡಿನಲ್ಲೂ ಓದುತ್ತಾ ಕೂರುವ ಜಾತಿ. ಸೋಮವಾರ ಸಂಜೆ ಒಂದು ಹಾಳೆ ತಂದು ನನ್ನ ಟೇಬಲ್ ಮೇಲಿಟ್ಟರು. “ಮೇಡಂ, ಪಾಠ ಹೇಳೋ ಮೊದಲು ಇದನ್ನ ಮಕ್ಕಳ ಕೈಗೆ ಕೊಟ್ಟು ನೋಡ್ತೀರಾ? ನೀವೇನೂ ಹೇಳ್ಬೇಡಿ, ಸುಮ್ನೆ ಓದ್ಲಿ” ಅಂದರು. ಅಶೋಕ ಹಲವು ಊರುಗಳ ಬಂಡೆಗಳ ಮೇಲೆ ಕೆತ್ತಿಸಿದ 14 ಶಿಲಾಶಾಸನಗಳಲ್ಲಿ 13ನೆಯದರ ಕನ್ನಡ ಅನುವಾದ. ಹಿಂದೆ ಒಂದು ನಕ್ಷೆ, ಯಾವ ಊರಿನಲ್ಲಿ ಯಾವ ಶಾಸನ ಸಿಕ್ಕಿದೆ ಅನ್ನುವ ಪಟ್ಟಿ. ಅಷ್ಟೇ.

ನಾಲ್ಕು ನಾಲ್ಕು ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟೆ. ಮೊದಲು ಬರೀ ಗಲಾಟೆ. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಜೋರಾಗಿ ಓದಲು ಶುರು ಮಾಡಿದ. ಪಟ್ಟಕ್ಕೆ ಬಂದು ಎಂಟು ವರ್ಷವಾದ ಮೇಲೆ ರಾಜ ಕಳಿಂಗವನ್ನು ಗೆದ್ದ. 1,50,000 ಜನರನ್ನು ಅಲ್ಲಿಂದ ಸಾಗಿಸಿದರು, 1,00,000 ಜನ ಕೊಲೆಯಾದರು, ಅದರ ಎಷ್ಟೋ ಪಟ್ಟು ಜನ ಸತ್ತರು. ಅದಕ್ಕಾಗಿ ರಾಜನಿಗೆ ಈಗ ದುಃಖವಾಗಿದೆ. ಓದುತ್ತಾ ಓದುತ್ತಾ ಹುಡುಗನ ದನಿ ಇಳಿಯಿತು.

“ಮಿಸ್, ಇದನ್ನ ಸೋತವರು ಬರ್ಸಿದ್ದಾ?”

“ಅಲ್ಲ, ಗೆದ್ದವನೇ ಬರೆಸಿದ್ದು.”

ಕ್ಲಾಸು ಒಂದು ಕ್ಷಣ ತಣ್ಣಗಾಯಿತು. ಆಮೇಲೆ ಶುರುವಾಯಿತು ನೋಡಿ. ಒಬ್ಬ, ಸಂಖ್ಯೆ ಜಾಸ್ತಿ ಮಾಡಿ ಹೇಳಿರಬಹುದು ಅಂದ. ಇನ್ನೊಬ್ಬ, ತನ್ನ ತಪ್ಪನ್ನು ಯಾರಾದರೂ ಜಾಸ್ತಿ ಮಾಡಿ ಹೇಳ್ತಾರಾ ಅಂದ. ಅಷ್ಟರಲ್ಲಿ ಕಾಡಿನ ಜನರ ಬಗ್ಗೆ ಇರುವ ಮಾತು ಯಾರ ಕಣ್ಣಿಗೋ ಬಿತ್ತು. ನನಗೆ ಪಶ್ಚಾತ್ತಾಪವಾಗಿದೆ, ಆದರೂ ಶಿಕ್ಷಿಸುವ ಶಕ್ತಿ ನನಗಿದೆ, ನಿಮ್ಮ ಕೆಲಸಕ್ಕೆ ನೀವು ನಾಚಿಕೊಳ್ಳಿ, ಇಲ್ಲದಿದ್ದರೆ ಸಾಯುತ್ತೀರಿ ಅನ್ನುವ ಅರ್ಥದ ಮಾತದು. “ಇದು ಬೆದರಿಕೆ ಅಲ್ವಾ ಮಿಸ್?” ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಪಾಠ ಮಾಡಿದ ನಾನು ಆ ಸಾಲನ್ನು ಗಮನಿಸಿಯೇ ಇರಲಿಲ್ಲ.

ಆಗಲೇ ಆ ಹುಡುಗಿ ಎದ್ದು ನಿಂತದ್ದು. ಮೂರನೇ ಬೆಂಚು, ಗೋಡೆ ಪಕ್ಕ. ವರ್ಷವೆಲ್ಲಾ ಕೈ ಎತ್ತಿದವಳಲ್ಲ. ಹಾಳೆ ತಿರುಗಿಸಿ ನಕ್ಷೆಯ ಮೇಲೆ ಬೆರಳಿಟ್ಟಿದ್ದಳು. ಗುಜರಾತಿನ ಗಿರ್ನಾರ್, ಹಿಮಾಲಯದ ಬುಡದ ಕಾಲ್ಸಿ, ಈಗ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿ, ಆಂಧ್ರದ ಎರ್ರಗುಡಿ. ಎಲ್ಲ ಕಡೆ 13ನೇ ಶಾಸನ ಇದೆ. ಬೆರಳು ಒಡಿಶಾಕ್ಕೆ ಬಂತು. ಧೌಲಿ, ಜೌಗಡ. ಅಶೋಕನ ಶಾಸನಗಳು ಅಲ್ಲಿಯೂ ಇವೆ. 13ನೆಯದು ಮಾತ್ರ ಇಲ್ಲ.

“ಕಳಿಂಗ ಅಂದ್ರೆ ಇದೇ ಜಾಗ ತಾನೇ?”

“ಹೌದು.”

“ಹಾಗಾದ್ರೆ ಅಲ್ಲೇ ಯಾಕೆ ಕೆತ್ತಿಸಲಿಲ್ಲ, ಮಿಸ್?”

ನನ್ನ ಬಾಯಿಂದ ತಕ್ಷಣ ಮಾತು ಹೊರಡಲಿಲ್ಲ. ಗೊತ್ತಿಲ್ಲ, ಹುಡುಕೋಣ ಅಂದೆ. ಮಕ್ಕಳ ಮುಂದೆ ಆ ಮಾತು ಹೇಳಿದ್ದು ಬಹುಶಃ ಅದೇ ಮೊದಲು. ಮಕ್ಕಳು ನನ್ನನ್ನು ಕೀಳಾಗಿ ನೋಡಲಿಲ್ಲ. ಎಲ್ಲರೂ ಹಾಳೆಯ ಮೇಲೆ ಬಗ್ಗಿದರು.

ಆ ಜಾಗದಲ್ಲಿ ಅಶೋಕ ಬೇರೆ ಎರಡು ಶಾಸನ ಹಾಕಿಸಿದ್ದಾನೆ. ಅಲ್ಲಿನ ಅಧಿಕಾರಿಗಳಿಗೆ ಹೇಳಿದ ಮಾತುಗಳವು. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಸುಮ್ಮಸುಮ್ಮನೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಎನ್ನುತ್ತಾನೆ. ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು ಎಂದೂ ಹೇಳಿದ್ದಾನೆ. ಅಂದರೆ ಕಳಿಂಗದವರ ಕಿವಿಗೆ ಬಿದ್ದದ್ದು ನೀವು ನನ್ನ ಮಕ್ಕಳು ಅನ್ನುವ ಮಾತು. ನಿಮ್ಮವರನ್ನು ಇಷ್ಟು ಜನ ಕೊಂದೆ, ಅದಕ್ಕೆ ದುಃಖವಾಗಿದೆ ಅನ್ನುವ ಮಾತು ಎಲ್ಲೋ ದೂರದ ಬಂಡೆಗಳ ಮೇಲಿತ್ತು.

ಗಾಯ ಕೆದಕೋದು ಬೇಡ ಅಂತ ಇರಬಹುದು ಅಂದ ಒಬ್ಬ. ಮತ್ತೆ ದಂಗೆ ಎದ್ದಾರು ಅನ್ನೋ ಹೆದರಿಕೆ ಅಂದಳು ಇನ್ನೊಬ್ಬಳು. ದೊಡ್ಡ ವಿದ್ವಾಂಸರೂ ಇಂಥ ಕಾರಣಗಳನ್ನೇ ಯೋಚಿಸಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಆದರೆ ಆ ಹುಡುಗಿ ಒಪ್ಪಲಿಲ್ಲ. “ಸತ್ತವರ ಮನೆಯವರಿಗೆ ತಾನೇ ಹೇಳ್ಬೇಕಿತ್ತು?” ಅಂದಳು. ಬೆಲ್ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹಿರಿಯ ಮೇಷ್ಟ್ರೊಬ್ಬರು, “ಇದೆಲ್ಲ ಪರೀಕ್ಷೆಗೆ ಬರುತ್ತಾ ಮೇಡಂ? ಪೋರ್ಷನ್ ಮುಗಿಸೋದು ನೋಡಿ” ಅಂದರು. ಒಳ್ಳೆಯ ಮನುಷ್ಯರು, ಮಕ್ಕಳಿಗಾಗಿ ಭಾನುವಾರವೂ ಬರುವವರು. ಆದರೆ ಸದ್ದಿಲ್ಲದ ಕ್ಲಾಸೇ ಒಳ್ಳೆಯ ಕ್ಲಾಸು ಅಂತ ನಂಬಿದವರು. ಸೋಮವಾರದವರೆಗೆ ನಾನೂ ಅದನ್ನೇ ನಂಬಿದ್ದೆ, ಹಾಗಾಗಿ ಅವರ ಮೇಲೆ ಸಿಟ್ಟು ಬರಲಿಲ್ಲ. ಪೋರ್ಷನ್ನಿನ ಚಿಂತೆ ಸುಳ್ಳಲ್ಲ. ಆದರೆ ಅಶೋಕನ ಆಡಳಿತವನ್ನು ಬುಧವಾರ ಹತ್ತೇ ನಿಮಿಷದಲ್ಲಿ ಹೇಳಿದೆ. ಧರ್ಮ ಮಹಾಮಾತ್ರರು, ಅಂದರೆ ಧರ್ಮದ ಕೆಲಸ ನೋಡಿಕೊಳ್ಳುವ ಅಧಿಕಾರಿಗಳು ಅಂದಾಗ ಮಕ್ಕಳು ತಾವೇ ಆ ಹಾಳೆ ತೆಗೆದು ಇಟ್ಟುಕೊಂಡರು. ಏನೂ ಹಿಂದೆ ಬೀಳಲಿಲ್ಲ.

ಚರ್ಚೆ ಜಗಳಕ್ಕೆ ತಿರುಗಿದರೆ ಅನ್ನುವ ಹೆದರಿಕೆಯೂ ನಮ್ಮಲ್ಲಿದೆ. ಇತಿಹಾಸದ ಹೆಸರಿನಲ್ಲಿ ಹೊರಗೆ ಎಷ್ಟು ಜಗಳ ನಡೆಯುತ್ತಿದೆ ಅಂತ ಎಲ್ಲರಿಗೂ ಗೊತ್ತು. ನನಗೆ ಅನಿಸುವುದು, ಅದಕ್ಕಾಗಿಯೇ ಇದು ಬೇಕು. ಆ ರಾಜ ಹೀಗೆ, ಈ ರಾಜ ಹಾಗೆ ಅಂತ ಮಕ್ಕಳ ಕೈಗೆ ದಿನಾ ಏನೇನೋ ಫಾರ್ವರ್ಡ್ ಬರುತ್ತದೆ. ಯಾರು ಹೇಳಿದ್ದು, ಯಾವಾಗ, ಯಾರಿಗೆ, ಯಾವ ಮಾತು ಬಿಟ್ಟಿದ್ದಾರೆ ಅಂತ ಕೇಳುವ ಅಭ್ಯಾಸವನ್ನು ನಾವು ಕಲಿಸದಿದ್ದರೆ ಇನ್ನೆಲ್ಲಿ ಕಲಿಯುತ್ತಾರೆ? ಪಠ್ಯಪುಸ್ತಕದಲ್ಲಿ ‘ಆಕರಗಳು’ ಅಂತ ಒಂದು ಪಾಠವೇ ಇದೆ. ಶಾಸನ, ನಾಣ್ಯ, ಸಾಹಿತ್ಯ ಅಂತ ಪಟ್ಟಿ ಬಾಯಿಪಾಠ ಮಾಡಿಸುತ್ತೇವೆ. ಒಂದು ಶಾಸನವನ್ನು ಪೂರ್ತಿ ಓದಿಸುವುದಿಲ್ಲ. ಈಜು ಅಂದರೇನು ಅಂತ ಬೋರ್ಡಿನ ಮೇಲೆ ಬರೆಸಿ ನೀರೇ ತೋರಿಸದ ಹಾಗೆ.

ಇತಿಹಾಸ ಪಾಠ ಮಾಡುವ ಗೆಳೆಯರೇ, ವರ್ಷಕ್ಕೆ ಮೂರು ಸಲ ಸಾಕು. ಒಂದು ಹಾಳೆ, ಒಂದು ಪೀರಿಯಡ್. ಮೊದಲ ಹದಿನೈದು ನಿಮಿಷ ನಾವು ಬಾಯಿ ಮುಚ್ಚಿಕೊಂಡಿರಬೇಕು, ಅದೇ ಕಷ್ಟದ ಕೆಲಸ. ಹಾಳೆಗೇನೂ ಬರವಿಲ್ಲ. 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಿ ‘ಅಶೋಕ’ ಅನ್ನುವ ಹೆಸರೇ ಇದೆ, ಬೇರೆ ಹೆಚ್ಚಿನ ಶಾಸನಗಳಲ್ಲಿ ಅದು ಇಲ್ಲ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡ ಅನ್ನುವವನು ತಾನು ಲಿಪಿಕಾರ ಅಂತ ಹೇಳಿಕೊಂಡಿದ್ದಾನೆ. ‘ಲಿಪಿಕಾರ’ ಅನ್ನುವ ಆ ಪದ ಮಾತ್ರ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿದೆ. ಅಷ್ಟು ದೂರದ ಲಿಪಿ ಚಿತ್ರದುರ್ಗದ ಬಂಡೆಗೆ ಹೇಗೆ ಬಂತು ಅಂತ ಮಕ್ಕಳನ್ನೇ ಕೇಳಿ ನೋಡಿ.

ಬುಧವಾರ ಸಂಜೆ ಹೊಸ ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಒಂದು ಕಲ್ಲು ಸಿಕ್ಕಿದೆ. ದೇವಿಯ ಮೂರ್ತಿಗೆ ಪೀಠವಾಗಿ ಇಟ್ಟಿದ್ದ ಕಲ್ಲು. ಅದರ ಒಂದು ಮುಖದಲ್ಲಿ 12 ಮತ್ತು 14ನೇ ಶಾಸನ, ನಡುವೆ 13 ಇಲ್ಲ. ಇನ್ನೊಂದು ಮುಖದಲ್ಲಿ ಕಳಿಂಗದ ಆ ಎರಡು ಶಾಸನಗಳೇ ಇವೆ. ಗುರುವಾರ ಕ್ಲಾಸಿನಲ್ಲಿ ಇದನ್ನು ಹೇಳಿದೆ.

“ಅದು ಕಳಿಂಗ ಅಲ್ವಲ್ಲ ಮಿಸ್!” ಹುಡುಗಿಯ ಮುಖ ಸಣ್ಣಗಾಯಿತು. “ಹಾಗಾದ್ರೆ ನಾನು ಯೋಚ್ನೆ ಮಾಡಿದ್ದು ತಪ್ಪಾ?”

ಪಕ್ಕದವನು, ಕೆತ್ತೋನು ಬೇರೆ ಊರಿನ ಓಲೆ ತಂದುಬಿಟ್ಟಿರಬಹುದು ಅಂದ. ಅಲ್ಲೂ ಯುದ್ಧ ಆಗಿತ್ತೇನೋ ಅಂದಳು ಇನ್ನೊಬ್ಬಳು. ಹುಡುಗಿ ಯಾರಿಗೂ ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮಂಗಳವಾರ ಬರೆದದ್ದನ್ನು ಹೊಡೆದುಹಾಕಲೂ ಇಲ್ಲ. ಅದರ ಕೆಳಗೆ ‘ಸನ್ನತಿ’ ಅಂತ ಬರೆದು ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದಳು.

“ಮಿಸ್, ಆ ಕಲ್ಲಿನ ಫೋಟೋ ಸಿಗುತ್ತಾ?”

ನಾಳೆ ತರುತ್ತೇನೆ ಅಂದೆ. ಎರಡೂ ಮುಖದ್ದು ಬೇಕು ಅಂದಳು.